ಕಲಬುರಗಿಯ ಕೆಎ-32 ಪ್ಲೇಟಿಗೆ ಸೆಕೆಂಡ್ ಹ್ಯಾಂಡ್ ಸೂಪರ್‌ಕಾರ್: ಎಲ್ಲಿಂದ ತರಬೇಕು, ಯಾವುದನ್ನು ತರಬೇಕು

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಕೇಳುವವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದೆಹಲಿಯ ಡೀಲರ್ ಹತ್ತಿರ ಲ್ಯಾಂಬೋರ್ಗಿನಿ ಹುರಾಕಾನ್ ಇದೆ, ಬೆಂಗಳೂರಿನಲ್ಲಿ ಅದೇ ವರ್ಷದ ಗಾಡಿಗೆ ಎಷ್ಟೋ ಲಕ್ಷ ಜಾಸ್ತಿ ಹೇಳುತ್ತಾರೆ, ಹೈದರಾಬಾದಿನಲ್ಲಿ ಆಡಿ ಆರ್8 ನಿಂತಿದೆ, ಯಾವುದಕ್ಕೆ ಕೈ ಹಾಕಬೇಕು? ಇದಕ್ಕೆ ಉತ್ತರ ಕಾರಿನ ಹೆಸರಿನಲ್ಲಿಲ್ಲ. ಮೊದಲು ನಾಲ್ಕು ವಿಷಯ ತಕ್ಕಡಿಗೆ ಹಾಕಬೇಕು: ಕೆಎ ನೋಂದಣಿಗೆ ಬೀಳುವ ತೆರಿಗೆ, ಸರ್ವೀಸ್ ಸೆಂಟರ್ ಎಷ್ಟು ದೂರ, ನಮ್ಮ ರಸ್ತೆ-ಬಿಸಿಲು-ದೂಳಿಗೆ ಆ ಕಾರು ತಾಳುತ್ತದೆಯೇ, ಮುಂದೆ ಮಾರಲು ಹೊರಟಾಗ ಕೊಳ್ಳುವವರು ಯಾರು. ಕಾರಿನ ಬಣ್ಣ, ಸೈಲೆನ್ಸರ್ ಸದ್ದು ಎಲ್ಲ ಆಮೇಲೆ.

ತೆರಿಗೆಯ ಲೆಕ್ಕ ಮೊದಲು

ಹೆಚ್ಚು ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಲೈಫ್ ಟೈಮ್ ಟ್ಯಾಕ್ಸ್ 18%, ಅದರ ಮೇಲೆ ಸೆಸ್. ಹೊರರಾಜ್ಯದಿಂದ ತಂದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ, ನಿಜ. ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಿದ್ದಾಗಿನ ಬೆಲೆಯಿಂದ, ನೀವು ಡೀಲರಿಗೆ ಕೊಟ್ಟ ಬೆಲೆಯಿಂದಲ್ಲ. ಹುರಾಕಾನ್ ಎಲ್‌ಪಿ610-4 ಭಾರತಕ್ಕೆ 2014ರಲ್ಲಿ ಬಂದಾಗ ದೆಹಲಿ ಎಕ್ಸ್-ಶೋರೂಂ ಬೆಲೆ 3.43 ಕೋಟಿ. ಅದರ 18% ಎಂದರೆ 61.74 ಲಕ್ಷ. ಆರ್8 ವಿ10 ಪ್ಲಸ್ 2016ರಲ್ಲಿ 2.47 ಕೋಟಿ, ತೆರಿಗೆಯ ಮೂಲ ಮೊತ್ತ 44.46 ಲಕ್ಷ. ನಿಸ್ಸಾನ್ ಜಿಟಿ-ಆರ್ 2016ರ ಕೊನೆಗೆ 1.99 ಕೋಟಿ, ಅದಕ್ಕೆ 35.82 ಲಕ್ಷ. ಈ ಮೊತ್ತದಿಂದ ಕಾರಿನ ವಯಸ್ಸಿನ ಕಡಿತ ಕಳೆದು ಉಳಿದದ್ದು ನಿಮ್ಮ ಪಾಲಿಗೆ. ಮೊದಲ ಮಾಲೀಕರು ಹಾಕಿಸಿದ ದುಬಾರಿ ಆಪ್ಷನ್‌ಗಳು ಮೂಲ ಇನ್ವಾಯ್ಸಿನಲ್ಲಿದ್ದರೆ ಆ ಬೆಲೆಯೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಟೋಕನ್ (ಮುಂಗಡ) ಕೊಡುವ ಮೊದಲೇ ಮೂಲ ಇನ್ವಾಯ್ಸಿನ ಪ್ರತಿ ತರಿಸಿಕೊಂಡು, ಕಲಬುರಗಿ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟು ಬೀಳುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ದೆಹಲಿಯ ಕಾರು 50 ಲಕ್ಷ ಅಗ್ಗ ಎಂದು ಕುಣಿಯುವ ಮುಂಚೆ ಈ ಒಂದು ಸಂಖ್ಯೆ ಕೈಯಲ್ಲಿರಬೇಕು.

ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆ ವಾಪಸ್ ಬರುತ್ತದಲ್ಲ ಎನ್ನುವವರೂ ಇದ್ದಾರೆ. ಬರುತ್ತದೆ, ಆದರೆ ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲು ಮಾತ್ರ. ಮಹಾರಾಷ್ಟ್ರದಲ್ಲಿ ದುಬಾರಿ ಕಾರಿನ ತೆರಿಗೆಗೆ ಗರಿಷ್ಠ ಮಿತಿಯೇ ಇದೆ: ಬಹುಕಾಲ 20 ಲಕ್ಷವಿತ್ತು, 2025ರಲ್ಲಿ 30 ಲಕ್ಷವಾಯಿತು. ಪುದುಚೇರಿಯಲ್ಲಿ ಕಟ್ಟಿದ್ದೇ ಇನ್ನೂ ಕಡಿಮೆ. ಕಡಿಮೆ ಕಟ್ಟಿದ ಕಡೆಯಿಂದ ಹೆಚ್ಚು ವಾಪಸ್ ಬರುವುದಿಲ್ಲ. ಬರುವಷ್ಟಾದರೂ ಯಾರಿಗೆ ಸೇರಬೇಕು, ಹಳೆಯ ಮಾಲೀಕರಿಗೋ ನಿಮಗೋ, ಎಂಬುದನ್ನು ಕರಾರಿನಲ್ಲಿ ಬರೆಸಿ.

ಇನ್ನು "ಸರ್, ಟ್ಯಾಕ್ಸ್ ಆಮೇಲೆ ನೋಡಿಕೊಂಡರಾಯಿತು, ಮೊದಲು ಗಾಡಿ ಒಯ್ಯಿರಿ" ಎನ್ನುವ ಡೀಲರ್‌ಗಳಿಗೆ ಬರವಿಲ್ಲ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 30 ಹೊರರಾಜ್ಯದ ಐಷಾರಾಮಿ ಕಾರುಗಳನ್ನು ಹಿಡಿಯಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಎಸ್‌ಎಫ್90 ದಂಡ ಸೇರಿ ಸುಮಾರು 1.42 ಕೋಟಿ ತೆರಿಗೆ ಕಟ್ಟಿತು. ಬೆಂಗಳೂರಿನಲ್ಲಿ ಇಂಥ ಕಾರು ನೂರರಲ್ಲಿ ಒಂದಾಗಿ ಮರೆಯಾಗಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹಸಿರು ಲ್ಯಾಂಬೋರ್ಗಿನಿ ಒಮ್ಮೆ ಹಾದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಪ್ಲೇಟ್ ನಂಬರ್ ಗೊತ್ತು.

ಬೆಂಗಳೂರಿನ ಕೆಎ ಕಾರು ದುಬಾರಿ ಅನಿಸುವುದಕ್ಕೆ ಕಾರಣ ಇದೇ: ಅದರ ಬೆಲೆಯಲ್ಲಿ ಕಟ್ಟಿ ಮುಗಿದ ತೆರಿಗೆ ಅಡಗಿದೆ. ಅದನ್ನು ಕೊಂಡರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30, ವಿಳಾಸ ಬದಲಾವಣೆ, ಇಷ್ಟೇ. ಹೊರರಾಜ್ಯದ್ದಾದರೆ ಫಾರ್ಮ್ 28ರ ಎನ್‌ಒಸಿ (ಹಳೆಯ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಸಾಲವಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35, ಹೊಸ ನಂಬರಿಗೆ ಫಾರ್ಮ್ 27, ಕಾರು ಕಳವಿನದಲ್ಲ ಎಂದು ಖಚಿತಪಡಿಸುವ ಎನ್‌ಸಿಆರ್‌ಬಿ ಪರಿಶೀಲನೆ, ಆಮೇಲೆ ಕಾರನ್ನೇ ಆರ್‌ಟಿಒ ಮುಂದೆ ತಂದು ನಿಲ್ಲಿಸಬೇಕು.

ಯಾರ ಹತ್ತಿರ ಕೊಳ್ಳಬೇಕು

ಮೊದಲನೆಯದು ಕಂಪನಿಯದೇ ಪ್ರಮಾಣಿತ ಹಳೆಯ ಕಾರು. ಪೋರ್ಷೆ ತನ್ನ ಅಪ್ರೂವ್ಡ್ ಕಾರುಗಳಿಗೆ 111 ಅಂಶಗಳ ತಪಾಸಣೆ ಮಾಡಿ ವಾರಂಟಿ ಕೊಡುತ್ತದೆ. ಇಲ್ಲಿ ಬೆಲೆ ಎಲ್ಲಕ್ಕಿಂತ ಹೆಚ್ಚು, ಆಯ್ಕೆ ಎಲ್ಲಕ್ಕಿಂತ ಕಡಿಮೆ. ಆದರೆ ಹತ್ತಿರದ ಸರ್ವೀಸ್ ನೂರಾರು ಕಿಲೋಮೀಟರ್ ದೂರ ಇರುವವನಿಗೆ ವಾರಂಟಿಯ ಬೆಲೆ ಬೆಂಗಳೂರಿಗನಿಗಿಂತ ದುಪ್ಪಟ್ಟು. ಮೊದಲ ಸಲ ಇಂಥ ಕಾರು ಕೊಳ್ಳುವವರು ಬೇರೆ ದಾರಿ ಹುಡುಕಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಎರಡನೆಯದು ಎಲ್ಲ ಬ್ರ್ಯಾಂಡುಗಳ ದೊಡ್ಡ ಡೀಲರ್‌ಗಳು. ಗುರುಗ್ರಾಮ, ಮುಂಬೈ, ಹೈದರಾಬಾದಿನ ಗಾಜಿನ ಶೋರೂಂಗಳು ಈ ಸಾಲಿನವು. ಆಯ್ಕೆ ಬೇಕಾದಷ್ಟು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾರು ನಿಮ್ಮ ಸ್ವಂತದ್ದೋ, ಮಾಲೀಕರು ಮಾರಲು ಬಿಟ್ಟುಹೋದದ್ದೋ? 2023ರ ಏಪ್ರಿಲ್ 1ರಿಂದ ಹಳೆಯ ಕಾರಿನ ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು, ಮಾಲೀಕ ಕಾರು ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ದಾಖಲಿಸಬೇಕು. ಆ ದಾಖಲೆ ತೋರಿಸಿ ಎಂದಾಗ ಮಾತು ತಿರುಗಿಸಿದರೆ ಅಲ್ಲಿಂದ ಎದ್ದು ಬನ್ನಿ. ಬಿಟ್ಟುಹೋದ ಕಾರಿನಲ್ಲಿ ಡೀಲರ್ ದುಡ್ಡು ಹಾಕಿರುವುದಿಲ್ಲ, ಆದ್ದರಿಂದ ದೋಷ ಹುಡುಕುವ ಆಸಕ್ತಿಯೂ ಅವರಿಗಿಲ್ಲ. ಬೆಲೆ ಇಳಿಸಲು ಮಾತ್ರ ಮಾಲೀಕರ ಒಪ್ಪಿಗೆ ಬೇಕು ಎಂದು ದಿನ ತಳ್ಳುತ್ತಾರೆ. ಡೀಲರ್ ಸ್ವಂತ ದುಡ್ಡಿಗೆ ಕೊಂಡಿಟ್ಟ ಕಾರು ತಿಂಗಳುಗಟ್ಟಲೆ ನಿಂತಿದ್ದರೆ ಚೌಕಾಸಿಗೆ ಜಾಗ ಹೆಚ್ಚು.

ಮೂರನೆಯದು ಮಾಲೀಕರಿಂದ ನೇರವಾಗಿ, ನಡುವೆ ಒಬ್ಬ ದಲ್ಲಾಳಿ. ಬೆಲೆ ಕಡಿಮೆ, ಕಾರಿನ ಚರಿತ್ರೆ ಚೆನ್ನಾಗಿ ಸಿಗುತ್ತದೆ, ವಾರಂಟಿ ಸೊನ್ನೆ. ಮುಂಚೆ ಇಂಥ ಕಾರು ಇಟ್ಟು ಅನುಭವ ಇರುವವರಿಗೆ ಸರಿ.

ವಿದೇಶದಿಂದ ಹಳೆಯ ಕಾರನ್ನು ನೇರ ತರಿಸುವ ವಿಚಾರ ಬಿಟ್ಟುಬಿಡಿ. 3 ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನಿಂದಲೇ ಬರಬೇಕು, ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. ಹಾಗಿದ್ದೂ ಯಾರಾದರೂ ಅಗ್ಗದಲ್ಲಿ ಆಮದು ಕಾರು ತೋರಿಸಿದರೆ ಕಸ್ಟಮ್ಸ್‌ನ ಆಮದು ದಾಖಲೆಯಾದ ಬಿಲ್ ಆಫ್ ಎಂಟ್ರಿ ಕೇಳಿ. ರಾಜತಾಂತ್ರಿಕರ ಹೆಸರಿನಲ್ಲಿ ಸುಂಕವಿಲ್ಲದೆ ತರಿಸಿ ಹೊರಗೆ ಮಾರುವ ಜಾಲವನ್ನು ಕೇಂದ್ರದ ಕಂದಾಯ ಗುಪ್ತಚರ ಸಂಸ್ಥೆ ಡಿಆರ್‌ಐ 2021ರಲ್ಲಿ ಬಯಲಿಗೆಳೆಯಿತು. 2025ರಲ್ಲಿ ಕೇರಳದ ಕಸ್ಟಮ್ಸ್ ಭೂತಾನ್ ಮೂಲಕ ನುಸುಳಿದ ವಾಹನಗಳನ್ನು ಜಪ್ತಿ ಮಾಡಿತು. ಜಪ್ತಿಯಾಗುವುದು ಕೊನೆಗೆ ಕೊಂಡವರ ಮನೆಯಲ್ಲಿ ನಿಂತ ಕಾರು.

ದೂರ ಮತ್ತು ರಸ್ತೆ

ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯಿಂದ ಸುಮಾರು 220. ಬೆಂಗಳೂರು ಕಲಬುರಗಿಯಿಂದ ಆರುನೂರರ ಹತ್ತಿರ. ಆಡಿ, ಮರ್ಸಿಡಿಸ್ ಸರ್ವೀಸ್ ಹೈದರಾಬಾದಿನಲ್ಲೇ ಸಿಗುತ್ತದೆ. ಲ್ಯಾಂಬೋರ್ಗಿನಿಗೆ ಬೆಂಗಳೂರು ಅಥವಾ ಮುಂಬೈ. ಜಿಟಿ-ಆರ್ ಭಾರತಕ್ಕೆ ಬಂದಾಗ ಅದಕ್ಕೆಂದೇ ವಿಶೇಷ ಕೇಂದ್ರ ತೆರೆದದ್ದು ನೋಯ್ಡಾದಲ್ಲಿ. ಅಂದರೆ ಬೀದರಿನವರಿಗೆ ಆರ್8 ಅಥವಾ ಮರ್ಸಿಡಿಸ್‌ನ ಎಎಂಜಿ ಜಿಟಿ ಸರ್ವೀಸ್ ಒಂದು ದಿನದ ಕೆಲಸ. ಹುರಾಕಾನ್ ಆದರೆ ಪ್ರತಿ ಸಲ ಟ್ರೇಲರ್ ಕರೆಸಬೇಕು.

ರಸ್ತೆಯ ವಿಷಯ ಹೊರಗಿನ ಡೀಲರ್‌ಗೆ ಅರ್ಥವಾಗುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನಮ್ಮ ಡಾಂಬರು ಅಲೆಅಲೆಯಾಗಿ ಏಳುತ್ತದೆ. 120 ಮಿ.ಮೀ. ಆಸುಪಾಸಿನ ಗ್ರೌಂಡ್ ಕ್ಲಿಯರೆನ್ಸ್ ಇರುವ ಕಾರಿಗೆ ಗುಂಡಿಗಿಂತ ಈ ಅಲೆಯೇ ಅಪಾಯ. ಮೂತಿ ಎತ್ತುವ ನೋಸ್ ಲಿಫ್ಟ್ ಇಲ್ಲದ ಕಾರನ್ನು ಕಲಬುರಗಿಗೆ ತರುವುದು ಬೇಡವೇ ಬೇಡ. ಲಿಫ್ಟ್ ಇದ್ದರೆ ಎತ್ತಿ ನಿಲ್ಲಿಸಿ ಕಾಯಿರಿ, ಒಂದು ಬದಿ ಕುಸಿದರೆ ಅಥವಾ ಕೆಳಗೆ ಎಣ್ಣೆ ಕಂಡರೆ ಹೈಡ್ರಾಲಿಕ್ ಸೋರುತ್ತಿದೆ. ಸೇಡಂ, ವಾಡಿ, ಚಿತ್ತಾಪುರ ಕಡೆಯ ಸಿಮೆಂಟ್ ದೂಳು, ಶಹಾಬಾದ್ ಕಲ್ಲಿನ ಲಾರಿಗಳಿಂದ ಸಿಡಿಯುವ ಚೂರು ಮುಂಬದಿಯ ರೇಡಿಯೇಟರಿಗೂ ಎಸಿ ಕಂಡೆನ್ಸರಿಗೂ ಶತ್ರು. ಪೋರ್ಷೆ 911ರಲ್ಲಿ ಬಂಪರಿನ ಎರಡೂ ಮೂಲೆಯ ತೂತುಗಳಲ್ಲಿ ಎಲೆ, ದೂಳು ಸೇರಿ ಒದ್ದೆಯಾಗಿ ಕೊಳೆಯುತ್ತವೆ. ಏಪ್ರಿಲ್-ಮೇ ತಿಂಗಳ 43-44 ಡಿಗ್ರಿಯಲ್ಲಿ ಟ್ರಾಫಿಕ್‌ನಲ್ಲಿ ಕಾದು ನಿಲ್ಲಬೇಕಾದ ಕಾರಿಗೆ ಇದು ಸಣ್ಣ ಮಾತಲ್ಲ.

ಪೆಟ್ರೋಲ್ ವಿಷಯಕ್ಕೂ ಒಂದು ಮಾತು. ಈಗ ಸಾಮಾನ್ಯ ಪಂಪಿನ ಪೆಟ್ರೋಲಿನಲ್ಲಿ 20% ಎಥನಾಲ್. ಪೆಟ್ರೋಲ್ ಮುಚ್ಚಳದ ಒಳಬದಿಯ ಸ್ಟಿಕ್ಕರ್ ಅಥವಾ ಮಾಲೀಕರ ಕೈಪಿಡಿ 10%ವರೆಗೆ ಮಾತ್ರ ಎಂದು ಹೇಳುತ್ತಿದ್ದರೆ, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಆ ಪೆಟ್ರೋಲ್ ತುಂಬಿಡಬೇಡಿ. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಕೆಡಿಸುತ್ತದೆ.

ಈಗ ಕಾರುಗಳು

ಪೋರ್ಷೆ 911, 2012ರ ನಂತರದ 991 ಪೀಳಿಗೆ: ದಿನವೂ ಓಡಿಸಬಹುದಾದ ಸೂಪರ್‌ಕಾರ್ ಎಂದರೆ ಇದೇ. ಪಿಡಿಕೆ ಎಂಬ ಜೋಡಿ ಕ್ಲಚ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಗಟ್ಟಿ. ವಾಟರ್ ಪಂಪ್ ಸೋರಿಕೆ ನೋಡಿ. ಎಂಜಿನ್ ಕಂಪ್ಯೂಟರಿನಿಂದ ಓವರ್-ರೆವ್ ವರದಿ ತೆಗೆಸಿ. 1ರಿಂದ 6ರವರೆಗಿನ ಪಟ್ಟಿಯಲ್ಲಿ ಮೇಲಿನ ಹಂತಗಳಲ್ಲಿ ಎಣಿಕೆ ಇದ್ದರೆ, ಅದೂ ಈಚಿನ ಗಂಟೆಗಳಲ್ಲಿ ಇದ್ದರೆ, ಎಂಜಿನ್ ಮಿತಿ ಮೀರಿ ತಿರುಗಿದೆ ಎಂದರ್ಥ. ಅಗ್ಗಕ್ಕೆ ಸಿಗುವ 2008ರವರೆಗಿನ ಹಿಂದಿನ ಪೀಳಿಗೆಯ 997 ಕ್ಯಾರೆರಾ ಬೇಡ, ಅದರ ಎಂಜಿನ್ನಿನ ಒಳಗಿನ ಐಎಂಎಸ್ ಎಂಬ ಶಾಫ್ಟಿನ ಬೇರಿಂಗ್ ಕೈಕೊಟ್ಟರೆ ಇಡೀ ಎಂಜಿನ್ನೇ ಹೋಗುತ್ತದೆ.

ಆಡಿ ಆರ್8: ಎರಡನೇ ಪೀಳಿಗೆಯ ವಿ10 (ಹತ್ತು ಸಿಲಿಂಡರ್) ಮತ್ತು ಹುರಾಕಾನ್ ಒಂದೇ ಮನೆತನದವು, 5.2 ಲೀಟರ್ ಎಂಜಿನ್ ಇಬ್ಬರದ್ದೂ ಹೆಚ್ಚುಕಡಿಮೆ ಅದೇ. ಹೊಸ ಬೆಲೆ ಕಡಿಮೆ ಇದ್ದುದರಿಂದ ತೆರಿಗೆಯೂ ಕಡಿಮೆ, ಸರ್ವೀಸ್ ಹೈದರಾಬಾದಿನಲ್ಲಿ. ಕಲಬುರಗಿಗೆ ನಮ್ಮ ಮೊದಲ ಶಿಫಾರಸು ಇದು. ಮೊದಲ ಪೀಳಿಗೆಯಲ್ಲಿ ಆರ್-ಟ್ರಾನಿಕ್ ಎಂಬ ಒಂಟಿ ಕ್ಲಚ್ ಗೇರ್‌ಬಾಕ್ಸ್ ಜರ್ಕ್ ಹೊಡೆಯುತ್ತದೆ, ಮ್ಯಾಗ್ನೆಟಿಕ್ ಶಾಕ್ ಅಬ್ಸಾರ್ಬರ್ ಸೋರುತ್ತದೆ. ಜೋಡಿ ಕ್ಲಚ್ಚಿನ ಎಸ್-ಟ್ರಾನಿಕ್ ಬಂದ ಮೇಲಿನ ಕಾರುಗಳನ್ನೇ ನೋಡಿ.

ಹುರಾಕಾನ್: ನೋಟಕ್ಕೂ ಸದ್ದಿಗೂ ಸಾಟಿ ಇಲ್ಲ, 2024ಕ್ಕೆ ತಯಾರಿಕೆ ನಿಂತದ್ದರಿಂದ ಟರ್ಬೋ ಇಲ್ಲದ ವಿ10ಕ್ಕೆ ಬೇಡಿಕೆ ಇದ್ದೇ ಇರುತ್ತದೆ, ಮಾರುವಾಗ ಕೈ ಕಚ್ಚುವುದು ಕಡಿಮೆ. ಎಲ್‌ಪಿ610-4ಕ್ಕೆ ಕಾರ್ಬನ್ ಸೆರಾಮಿಕ್ ಬ್ರೇಕ್, ಎಲ್‌ಪಿ580-2ಕ್ಕೆ ಸ್ಟೀಲ್ ಡಿಸ್ಕ್. ಸ್ಟೀಲ್ ಡಿಸ್ಕ್ ಬದಲಿಸುವುದು ಎಷ್ಟೋ ಅಗ್ಗ. ಬರೀ ಭಾನುವಾರ ರಿಂಗ್ ರಸ್ತೆ ಸುತ್ತುವವರಿಗೆ 580-2 ಹೆಚ್ಚು ಬುದ್ಧಿವಂತ ಆಯ್ಕೆ.

ಜಿಟಿ-ಆರ್: ಈ ದುಡ್ಡಿಗೆ ಇಷ್ಟು ವೇಗ ಬೇರೆಲ್ಲೂ ಇಲ್ಲ. ಆದರೆ ಮಾಡಿಫೈ ಮಾಡದ ಜಿಟಿ-ಆರ್ ಸಿಗುವುದೇ ಅಪರೂಪ, ಗೇರ್‌ಬಾಕ್ಸ್ ಮುಂಬದಿಯ ಬೆಲ್ ಹೌಸಿಂಗ್ ಬೇರಿಂಗ್ ಸವೆದು ಐಡ್ಲಿಂಗ್‌ನಲ್ಲೇ ಗಡಗಡ ಸದ್ದು ಬರುತ್ತದೆ. ಸರ್ವೀಸ್ ದೂರ ನೋಡಿದರೆ ನಮ್ಮ ಕಡೆಗೆ ಕಷ್ಟ.

ಮರ್ಸಿಡಿಸ್ ಎಎಂಜಿ ಜಿಟಿ: 2015ರಲ್ಲಿ 2.4 ಕೋಟಿಗೆ ಬಂದ ಜಿಟಿ ಎಸ್ ಈಗ ಕೊಳ್ಳುವವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ಅದೇ ಅದರ ಲಾಭ. ಎಂಜಿನ್ ಮುಂದಿದೆ, ಸರ್ವೀಸ್ ಹತ್ತಿರ. ಉದ್ದ ಮೂತಿ ಸ್ಪೀಡ್ ಬ್ರೇಕರಿಗೆ ತಾಗುವುದೊಂದೇ ಕಿರಿಕಿರಿ.

ಲ್ಯಾಂಬೋರ್ಗಿನಿ ಗ್ಯಾಲಾರ್ಡೋ ಇ-ಗೇರ್, ಫೆರಾರಿ ಎಫ್430 ಎಫ್1: ಬೆಲೆ ನೋಡಿ ಆಸೆ ಹುಟ್ಟುತ್ತದೆ. ಎರಡಕ್ಕೂ ಒಂಟಿ ಕ್ಲಚ್, ಟ್ರಾಫಿಕ್‌ನಲ್ಲಿ ಹಿಂದೆ ಮುಂದೆ ಮಾಡಿದಷ್ಟೂ ಸವೆಯುತ್ತದೆ, ಸವೆತದ ಶೇಕಡಾವಾರು ಸ್ಕ್ಯಾನರಿನಲ್ಲಿ ಕಾಣುತ್ತದೆ. ಅದನ್ನು ತೋರಿಸದೆ ಮಾರುವವರ ಹತ್ತಿರ ಮಾತಾಡಬೇಡಿ. ಫೆರಾರಿಯೇ ಬೇಕೆಂದರೆ 2011ರ ನಂತರ ಶುರುವಾದ 7 ವರ್ಷದ ಉಚಿತ ನಿಗದಿತ ಸರ್ವೀಸ್ ಇನ್ನೂ ಉಳಿದಿರುವ ಕಾರು ನೋಡಿ. ಮಾಲೀಕ ಬದಲಾದರೂ ಆ ಸೌಲಭ್ಯ ಕಾರಿನ ಜೊತೆಗೇ ಬರುತ್ತದೆ.

ಕೈಯಿಟ್ಟು ನೋಡಬೇಕಾದದ್ದು

ತಪಾಸಣೆಯನ್ನು ಮಾರುವವರ ಗ್ಯಾರೇಜಿನಲ್ಲಿ ಮಾಡಿಸಬೇಡಿ. ಆ ಬ್ರ್ಯಾಂಡಿನ ಸರ್ವೀಸ್ ಸೆಂಟರಿನಲ್ಲಿ ನಿಮ್ಮ ದುಡ್ಡಿನಲ್ಲಿ ಮಾಡಿಸಿ. ಬಣ್ಣದ ದಪ್ಪ ಅಳೆಯುವ ಮೀಟರ್ ಒಯ್ಯಿರಿ, ಆದರೆ ಅಲ್ಯೂಮಿನಿಯಂ ಓದುವಂಥದ್ದೇ ಆಗಿರಲಿ. ಬರೀ ಕಬ್ಬಿಣಕ್ಕೆ ಅಂಟುವ ಅಗ್ಗದ ಮೀಟರ್ ಹುರಾಕಾನ್, ಆರ್8 ಮೇಲೆ ಮೂಕವಾಗುತ್ತದೆ, ಕಾರ್ಬನ್ ಫೈಬರ್ ಭಾಗದಲ್ಲಂತೂ ಲೋಹಕ್ಕೆಂದಿರುವ ಸಾಮಾನ್ಯ ಮೀಟರ್ ಯಾವುದೂ ಸಹಾಯಕ್ಕೆ ಬಾರದು. ಕಂಪನಿಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಇಲ್ಲೊಂದು ಆಟ ನಡೆಯುತ್ತದೆ: ಮೀಟರ್ 300 ತೋರಿಸಿದರೆ "ಮೇಲೆ ಪಿಪಿಎಫ್ ಫಿಲ್ಮ್ ಇದೆ ಸರ್" ಎನ್ನುತ್ತಾರೆ. ಬಣ್ಣ ಕಾಪಾಡಲು ಅಂಟಿಸುವ ಈ ಪಾರದರ್ಶಕ ಫಿಲ್ಮ್ 150-200 ಮೈಕ್ರಾನ್ ಸೇರಿಸುವುದು ನಿಜ. ಹಾಗಾದರೆ ಬಾನೆಟ್, ಎರಡೂ ಬಾಗಿಲು, ಹಿಂದಿನ ಫೆಂಡರ್ ಎಲ್ಲ ಕಡೆ ಅಷ್ಟೇ ಬರಬೇಕು. ಬಾಗಿಲ ಅಂಚಿನಲ್ಲಿ ಉಗುರಿಗೆ ಫಿಲ್ಮಿನ ಗೆರೆ ಸಿಗಬೇಕು. ಒಂದೇ ಭಾಗದಲ್ಲಿ 500 ಬಂದರೆ ಕೆಳಗೆ ಪುಟ್ಟಿ ಇದೆ.

ಕಿಲೋಮೀಟರ್ ನಂಬಬೇಡಿ, ಎಂಜಿನ್ ಓಡಿದ ಗಂಟೆ ಕೇಳಿ. ಸ್ಕ್ಯಾನರಿನಲ್ಲಿ 600 ಗಂಟೆ, ಮೀಟರಿನಲ್ಲಿ 9 ಸಾವಿರ ಕಿ.ಮೀ. ಎಂದರೆ ಸರಾಸರಿ ಗಂಟೆಗೆ 15 ಕಿ.ಮೀ. ಒಂದೋ ನಿಂತಲ್ಲೇ ಎಂಜಿನ್ ಓಡಿಸಿದ್ದಾರೆ, ಇಲ್ಲ ಮೀಟರ್ ಹಿಂದಕ್ಕೆ ತಿರುಗಿದೆ. ಸೆರಾಮಿಕ್ ಡಿಸ್ಕ್ ಸವೆತ ದಪ್ಪದಲ್ಲಿ ಮಾತ್ರ ತಿಳಿಯುವುದಿಲ್ಲ. ಕನಿಷ್ಠ ತೂಕವನ್ನು ಡಿಸ್ಕಿನ ನಡುಭಾಗದಲ್ಲಿ ಕೆತ್ತಿರುತ್ತಾರೆ, ಬಿಚ್ಚಿ ತೂಗಬೇಕು. ಅಂಚಿನಲ್ಲಿ ಚೂರು ಹಾರಿದ್ದರೆ ಆ ಡಿಸ್ಕ್ ಮುಗಿದಂತೆ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ, 3219 ಎಂದರೆ 2019ರ 32ನೇ ವಾರದ್ದು. ಗೆರೆ ಎಷ್ಟೇ ಆಳ ಇದ್ದರೂ ಆರು ವರ್ಷದ ರಬ್ಬರ್ ನಮ್ಮ ಬಿಸಿಲಿಗೆ ಬೇಡ. ಹುರಾಕಾನಿನ ಹಿಂದಿನ 305/30 ಆರ್20 ಟೈರು ಕಲಬುರಗಿಯಲ್ಲಿ ಕೇಳಿದ ತಕ್ಷಣ ಸಿಗುವ ಮಾಲಲ್ಲ, ಆದ್ದರಿಂದ ಆ ಖರ್ಚನ್ನು ಚೌಕಾಸಿಯಲ್ಲೇ ಕಳೆಯಿರಿ.

ಹೈದರಾಬಾದಿಗೆ 2020ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಹೊರ ವರ್ತುಲ ರಸ್ತೆಗೆ 2022ರ ಸೆಪ್ಟೆಂಬರಿನಲ್ಲಿ ನುಗ್ಗಿದ ನೀರು ಎಷ್ಟೋ ದುಬಾರಿ ಕಾರುಗಳನ್ನು ಮುಳುಗಿಸಿತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಹಳಿಯ ಬೋಲ್ಟ್ ತುಕ್ಕು ಹಿಡಿದಿದ್ದರೆ ಕಾರ್ಪೆಟ್ ಎತ್ತಿಸಿ.

ಯಾರಿಗೆ ಯಾವುದು

ಬೀದರ್, ಹುಮನಾಬಾದ್, ಭಾಲ್ಕಿ ಕಡೆಯವರಿಗೆ ಹೈದರಾಬಾದಿನಲ್ಲಿ ಸರ್ವೀಸ್ ಇರುವ ಬ್ರ್ಯಾಂಡ್ ಸರಿ, ಆದರೆ ಕಾರನ್ನು ಬೆಂಗಳೂರಿನ ಕೆಎ ಪ್ಲೇಟಿನಲ್ಲೇ ಹುಡುಕಿ. ತೆಲಂಗಾಣದ ಕಾರು ಹತ್ತಿರದ್ದು ಎಂಬ ಮಾತ್ರಕ್ಕೆ ತೆರಿಗೆ ಬಿಡುವುದಿಲ್ಲ. ವಾರಕ್ಕೆ ಮೂರು ದಿನವಾದರೂ ಓಡಿಸುವವರಿಗೆ 911. ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡಿಸಿ, ಎರಡು-ಮೂರು ವರ್ಷಕ್ಕೆ ಮಾರುವ ಲೆಕ್ಕ ಇದ್ದವರಿಗೆ ಕೆಎ ನೋಂದಣಿಯ ಹುರಾಕಾನ್, ಯಾಕೆಂದರೆ ಅದನ್ನು ವಾಪಸ್ ಬೆಂಗಳೂರಿಗೇ ಮಾರಬಹುದು. ತುಂಬ ಹಳೆಯದಾದ ಕಾರಿನಲ್ಲಿ ಮಾತ್ರ ಹೊರರಾಜ್ಯದ್ದು ಲಾಭವಾಗಬಹುದು, ಆಗ ತೆರಿಗೆ ಇಳಿದಿರುತ್ತದೆ. ಆದರೆ ಆ ಕಾರಿಗೆ ಸಾಲವೂ ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಝೀರೋ ಡೆಪ್ರಿಸಿಯೇಷನ್ ವಿಮೆಯೂ ಕಷ್ಟ. ಯಾವುದೇ ಕೊಂಡರೂ ಬೆಲೆಯ 4-5%ನ್ನು ವರ್ಷವೂ ಖರ್ಚಿಗೆಂದು ಬದಿಗಿಡಿ. ನಿಂತ ಕಾರಿನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಚಾರ್ಜರ್, ಅಂದರೆ ಬ್ಯಾಟರಿ ಟೆಂಡರನ್ನು ಇನ್ವರ್ಟರ್ ಲೈನಿಗೆ ಹಾಕಿ, ಬೇಸಿಗೆಯಲ್ಲಿ ಜೆಸ್ಕಾಂ ಮೇಲೆ ಭಾರ ಹಾಕಬೇಡಿ. ದಾಲ್‌ಮಿಲ್ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸುವವರು ಇಲಿ ಬೋನನ್ನೂ ಮರೆಯಬೇಡಿ, ವೈರಿಂಗ್ ಹಾರ್ನೆಸ್ ಇಲಿಗೆ ಬಲು ಪ್ರೀತಿ.

ದುಡ್ಡು ಕೊಡುವ ಕ್ರಮ

ಟೋಕನ್ ಚಿಕ್ಕದಿರಲಿ, ತಪಾಸಣೆಯಲ್ಲಿ ಫೇಲಾದರೆ ಅಥವಾ ಎನ್‌ಒಸಿ ಬಾರದಿದ್ದರೆ ವಾಪಸ್ ಎಂದು ಬರೆಸಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕಾನೂನಿಗೆ ವಿರುದ್ಧ, ಎಲ್ಲ ಬ್ಯಾಂಕಿನ ಮೂಲಕವೇ ಹೋಗಲಿ. 10 ಲಕ್ಷ ಮೀರಿದ ಕಾರಿಗೆ ಡೀಲರ್ 1% ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದನ್ನು ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಪ್ಯಾನ್ ಸರಿಯಾಗಿ ಕೊಡಿ. ಡೀಲರಿನ ಲಾಭದ ಮೇಲೆ ಮಾತ್ರ 18% ಜಿಎಸ್‌ಟಿ. ಪೂರ್ತಿ ಬೆಲೆಯ ಮೇಲೆ ಹಾಕಿದರೆ ಕೇಳಿ. ಕೊನೆಯ ಕಂತನ್ನು ಎನ್‌ಒಸಿ ಕೈಗೆ ಬಂದು, ಸರಕಾರದ ವಾಹನ ದಾಖಲೆಗಳ ಪರಿವಾಹನ್ ಪೋರ್ಟಲಿನಲ್ಲಿ ಸಾಲದ ನಮೂದು ತೆಗೆದದ್ದು ಕಂಡ ಮೇಲೆ ಕೊಡಿ. ವಿಮೆಯನ್ನು ಕಾರು ಹೊರಡುವ ಮೊದಲೇ ನಿಮ್ಮ ಹೆಸರಿಗೆ ಮಾಡಿಸಿ. ಮುಚ್ಚಿದ ಟ್ರೇಲರಿನಲ್ಲೇ ತರಿಸಿ, ಇಳಿಜಾರು ಹಲಗೆ ಉದ್ದ ಇರುವುದನ್ನೇ ಕೇಳಿ, ಇಳಿಸುವ ಮೊದಲು ಸುತ್ತಲೂ ವಿಡಿಯೋ ಮಾಡಿಕೊಳ್ಳಿ. ಇಳಿಸಿದ ಮೇಲೆ ಕಾಣುವ ಗೀರಿಗೆ ವಿಮೆಯವರು ಸಾಗಣೆಯವರನ್ನು ತೋರಿಸುತ್ತಾರೆ, ಸಾಗಣೆಯವರು ಡೀಲರನ್ನು ತೋರಿಸುತ್ತಾರೆ.